ಹೆಸರಿನ ಕೊನೆಯ ಒಂದಕ್ಷರ



ಕಬಿನಿ ಹೊಳೆಯ ಆಚೆ ದಡ ಬೈರಕುಪ್ಪೆ, ಈಚೆ ದಡ ಪೆರಿಕ್ಕಲ್ಲೂರು. ಆಚೆ ದಡದಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಒಬ್ಬ ಹುಡುಗನಿದ್ದಾನೆ ಎಂದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಜಯರಾಮ. ಮನೆಯವರು ಈಚೆಗೆ ಬಂದು ನೆಲೆಸಿದರು. ಇಲ್ಲಿಯ ಮಾಷ್ ಮಲಯಾಳದಲ್ಲಿ ಬರೆದುಕೊಳ್ಳುವಾಗ ರೂಢಿಯಂತೆ ಕೊನೆಗೆ ಒಂದು 'ನ್' ಸೇರಿಸಿದರು. ಜಯರಾಮ ಜಯರಾಮನ್ ಆದ. ತಂದೆ ಕೃಷ್ಣೇಗೌಡರು ಒಂದು ಕಾಗದದಲ್ಲಿ ಕೃಷ್ಣನ್, ಇನ್ನೊಂದರಲ್ಲಿ ಕೃಷ್ಣ ಗೌಡರ್. ಸುಲ್ತಾನ್ ಬತ್ತೇರಿಯನ್ನೇ ಹಿಂದೆ ಹನ್ನೆರಡು ಬೀದಿ ಎನ್ನುತ್ತಿದ್ದ ನಾಡು ನಮ್ಮದು. ಎರಡು ಹೆಸರು ಇಟ್ಟುಕೊಂಡು ಬಾಳುವುದು ನಮಗೆ ಹೊಸದಲ್ಲ. ಸಂತೆಗೂ ಮದುವೆಗೂ ಪಡಿತರಕ್ಕೂ ಇದರಿಂದ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಹುಡುಗ ಹೊರದೇಶದಲ್ಲಿ ಓದಬೇಕೆಂದು ವೀಸಾಕ್ಕೆ ಅರ್ಜಿ ಹಾಕಿದಾಗ.

ನಮ್ಮ ವಯನಾಡಿನಿಂದ ಹೊರದೇಶಕ್ಕೆ ಓದಲು ಹೋಗುವುದು ಇಂದಿನ ಸುದ್ದಿಯೇನಲ್ಲ. ಕನ್ನಡ ನಾಡಿನಿಂದ ಬಂದು ನೆಲೆಸಿದ ಜೈನ ಗೌಡರ ಮನೆತನದ ಎಂ.ಪಿ. ವೀರೇಂದ್ರ ಕುಮಾರ್ 1936ರಲ್ಲಿ ಕಲ್ಪೆಟ್ಟದಲ್ಲಿ ಹುಟ್ಟಿ, ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಓದಿ ಬಂದವರು. ಮುಂದೆ ಕೇಂದ್ರದ ಮಂತ್ರಿಯಾದರು, ಲೇಖಕರೆಂದು ಹೆಸರಾದರು. ಆದರೆ ಅದು ತೋಟವಿದ್ದ ಮನೆಯ ಮಾತು. ಇಂದು ಹತ್ತು ಸೆಂಟ್ ಜಾಗದ ಮನೆಯಲ್ಲೂ ಈ ಮಾತು ನಡೆಯುತ್ತಿದೆ. ಅದಕ್ಕೇ ಕಾಗದದ ವಿಷಯ ಹೇಳಬೇಕೆನಿಸಿತು.

ಮೊದಲು ಒಂದು ಮಾತು. ವಿಶ್ವವಿದ್ಯಾಲಯದಿಂದ ಸೀಟು ಸಿಕ್ಕಿತು ಎಂಬ ಪತ್ರ ಬಂದರೆ ವೀಸಾ ಬಂದಂತೆ ಅಲ್ಲ. ಸೀಟು ಕೊಡುವುದು ವಿಶ್ವವಿದ್ಯಾಲಯ, ವೀಸಾ ಕೊಡುವುದು ಆ ದೇಶದ ಸರಕಾರ. ಅರ್ಜಿ ನೋಡುವ ಅಧಿಕಾರಿಗೆ ಹುಡುಗನ ಊರು ಗೊತ್ತಿಲ್ಲ, ತಂದೆಯ ಗುಣ ಗೊತ್ತಿಲ್ಲ. ಕಾಗದ ಮಾತ್ರ ಗೊತ್ತು. ಒಂದು ಕಾಗದದಲ್ಲಿ ಜಯರಾಮ, ಇನ್ನೊಂದರಲ್ಲಿ ಜಯರಾಮನ್ ಎಂದಿದ್ದರೆ ಇಬ್ಬರೂ ಒಬ್ಬರೇ ಎಂದು ಅವರು ಯಾಕೆ ನಂಬಬೇಕು?

ಆದ್ದರಿಂದ ತಿದ್ದುವ ಕೆಲಸ ಬುಡದಿಂದ ಆಗಬೇಕು. ಬುಡ ಎಂದರೆ ಎಸ್.ಎಸ್.ಎಲ್.ಸಿ. ಪುಸ್ತಕ ಮತ್ತು ಜನನ ಪತ್ರ. ಕೇರಳದ ಎಸ್.ಎಸ್.ಎಲ್.ಸಿ. ಆದರೆ ತಿರುವನಂತಪುರದ ಪರೀಕ್ಷಾ ಭವನ. ಕರ್ನಾಟಕದ್ದಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿ. ಅವೆರಡೂ ಸರಿಹೋದ ಮೇಲೆ ಆಧಾರ್. ಪಾಸ್‌ಪೋರ್ಟ್ ಎಲ್ಲಕ್ಕೂ ಕಡೆಯದು. ನಮ್ಮ ಜಿಲ್ಲೆಗೆ ಅದು ಕೋಳಿಕ್ಕೋಡಿನ ಕಚೇರಿಯಿಂದ. ಅನೇಕರು ಪಾಸ್‌ಪೋರ್ಟನ್ನು ಮೊದಲು ಮಾಡಿಸಿಕೊಂಡು, ಅದಕ್ಕೆ ಹೊಂದುವಂತೆ ಉಳಿದದ್ದನ್ನು ತಿದ್ದಿಸಲು ಓಡಾಡುತ್ತಾರೆ. ಬಾಲದಿಂದ ಎತ್ತನ್ನು ಎಳೆದ ಹಾಗೆ. ಇನಿಶಿಯಲ್ ಬಿಡಿಸಿ ಬರೆಸಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಇನ್ನೊಂದು ಹೆಸರಿನ ಜಾಗದಲ್ಲಿ, ಅದು ತಿಳಿದಿಲ್ಲ ಎನ್ನುವ ಮೂರು ಅಕ್ಷರ ಬೀಳುತ್ತದೆ. ನಮ್ಮ ಹಾಡಿಗಳಲ್ಲಿ ಒಂದೇ ಹೆಸರಿನವರು ಎಷ್ಟು ಜನ! ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗ ಪ್ಲಸ್ ಒನ್‌ನಲ್ಲಿರುವಾಗಲೇ ಶುರುಮಾಡಿದರೆ ಒಳ್ಳೆಯದು.

ಕನ್ನಡದಲ್ಲೋ ಮಲಯಾಳದಲ್ಲೋ ಇರುವ ಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಕೆಲವು ದೇಶಗಳು ಅಪೊಸ್ಟಿಲ್ ಎಂಬ ಮುದ್ರೆಯನ್ನೂ ಕೇಳುತ್ತವೆ. ಭಾರತ ಆ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಅದಕ್ಕೆ ಮೊದಲು ಪತ್ರ ಕೊಟ್ಟ ರಾಜ್ಯವೇ ಅದನ್ನು ದೃಢೀಕರಿಸಬೇಕು. ಅಂದರೆ ಎರಡೂ ಕಡೆ ಓದಿದವರಿಗೆ ಎರಡೂ ಕಡೆ ಓಡಾಟ. ಬೆಂಗಳೂರಿಗೆ ಹೊರಟವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ಮರೆಯಬಾರದು.

ಇನ್ನು ಹಣದ ಲೆಕ್ಕ. ಬ್ರಿಟನ್ನಿಗೆ ಹೋಗುವವರು ತೋರಿಸುವ ಹಣ 28 ದಿನ ಸತತವಾಗಿ ಖಾತೆಯಲ್ಲಿ ಇರಬೇಕು. ಒಂದು ದಿನ ಕಡಿಮೆ ಬಿದ್ದರೂ ಅರ್ಜಿ ತಿರಸ್ಕೃತವಾಗಬಹುದು. ಜರ್ಮನಿ ಒಂದು ವರ್ಷಕ್ಕೆ 11,904 ಯೂರೋ ಬೇರೆಯೇ ಖಾತೆಯಲ್ಲಿ ಕಟ್ಟಿಡಬೇಕೆಂದು 2024ರಲ್ಲಿ ನಿಗದಿಮಾಡಿತು. 2022ರ ನವೆಂಬರಿನಿಂದ ಪ್ರಮಾಣಪತ್ರಗಳ ತಪಾಸಣೆಯ ಪತ್ರವನ್ನೂ ಕೇಳುತ್ತಿದೆ. ಕೆನಡಾ 10,000 ಡಾಲರಿದ್ದ ಜೀವನವೆಚ್ಚದ ಮೊತ್ತವನ್ನು 2024ರ ಜನವರಿಯಲ್ಲಿ 20,635ಕ್ಕೆ ಏರಿಸಿತು, ಆಮೇಲೆ ಮತ್ತೂ ಏರಿಸಿತು. ಈ ಅಂಕಿಗಳು ಬದಲಾಗುತ್ತಲೇ ಇರುತ್ತವೆ, ಅರ್ಜಿಯ ದಿನ ಆ ಸರಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ನಮ್ಮವರ ಹಣ ಹೆಚ್ಚಾಗಿ ಸಹಕಾರಿ ಬ್ಯಾಂಕಿನಲ್ಲಿರುತ್ತದೆ. ಆ ಠೇವಣಿಯನ್ನು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಶುಂಠಿ ಮಾರಿ, ಮೆಣಸು ಮಾರಿ ಒಮ್ಮೆಲೇ ಲಕ್ಷಗಟ್ಟಲೆ ಕಟ್ಟಿದರೆ ಎಲ್ಲಿಂದ ಬಂತು ಎಂದು ಕೇಳಿಯಾರು. ಮಾರಿದ ಚೀಟಿ ಜೋಪಾನವಾಗಿರಲಿ. ಬಡ್ಡಿಗೆ ತಂದು ನಾಲ್ಕು ವಾರ ಇಟ್ಟು ತೋರಿಸಿದರಾಯಿತು ಎನ್ನುವವರಿದ್ದಾರೆ. ವೀಸಾ ಬಂದೀತು, ಅಲ್ಲಿ ಹೋಗಿ ಹುಡುಗ ತಿನ್ನುವುದೇನನ್ನು?

ಏಜೆಂಟರ ವಿಷಯ ಹೇಳದೆ ಮುಗಿಯುವುದಿಲ್ಲ. ಕೆಲಸಕ್ಕೆಂದು ಜನರನ್ನು ಹೊರದೇಶಕ್ಕೆ ಕಳಿಸುವವರು 1983ರ ವಲಸೆ ಕಾಯಿದೆಯ ಪ್ರಕಾರ ನೋಂದಾಯಿಸಿಕೊಳ್ಳಬೇಕು. ಓದಲು ಕಳಿಸುವವರಿಗೆ ಆ ಕಾಯಿದೆಯ ಕಟ್ಟಿಲ್ಲ. ಅನೇಕ ವಿದ್ಯಾಸಂಸ್ಥೆಗಳೇ ಅವರಿಗೆ ಕಮಿಷನ್ ಕೊಡುತ್ತವೆ. ಹೆಚ್ಚು ಕೊಡುವ ಕಾಲೇಜೇ ಅವರ ಬಾಯಲ್ಲಿ ಒಳ್ಳೆಯ ಕಾಲೇಜಾದೀತು. ಎಲ್ಲರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಆದರೆ 2023ರಲ್ಲಿ ಕೆನಡಾದಲ್ಲಿ ನಡೆದದ್ದನ್ನು ನೆನೆಯಿರಿ. ಪಂಜಾಬಿನಿಂದ ಹೋದ ವಿದ್ಯಾರ್ಥಿಗಳು ಕೆಲವು ವರ್ಷ ಅಲ್ಲಿದ್ದು, ನೆಲೆಸಲು ಅರ್ಜಿ ಹಾಕಿದಾಗ, ತಮ್ಮನ್ನು ಕರೆತಂದ ಕಾಲೇಜಿನ ಪತ್ರವೇ ಸುಳ್ಳೆಂದು ಗೊತ್ತಾಯಿತು. ಗಡೀಪಾರಿನ ನೋಟೀಸು ಬಂದದ್ದು ಏಜೆಂಟನಿಗಲ್ಲ, ಸಹಿ ಹಾಕಿದ ಮಕ್ಕಳಿಗೆ. ಆದುದರಿಂದ ಅರ್ಜಿಯ ಪಾಸ್‌ವರ್ಡ್ ಹುಡುಗನ ಕೈಯಲ್ಲೇ ಇರಲಿ. ಸೀಟಿನ ಪತ್ರ ನಿಜವೇ ಎಂದು ವಿಶ್ವವಿದ್ಯಾಲಯಕ್ಕೆ ತಾನೇ ಬರೆದು ಕೇಳಲಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸಾಕು. ಅಷ್ಟೂ ಬರೆಯಲು ಬಾರದಿದ್ದರೆ ಅಲ್ಲಿ ಓದುವುದು ಹೇಗೆ?

ಕೊನೆಯದಾಗಿ, ಹಣವಿಲ್ಲದವರ ದಾರಿ. ಕೋಟ್ಟಯಂ ಜಿಲ್ಲೆಯ ಉಳವೂರಿನ ಬಡ ದಲಿತ ಮನೆಯಿಂದ ಕೆ.ಆರ್. ನಾರಾಯಣನ್ 1945ರಲ್ಲಿ ಲಂಡನ್ನಿಗೆ ಹೋದದ್ದು ಟಾಟಾ ವಿದ್ಯಾರ್ಥಿವೇತನದಿಂದ. 1997ರಲ್ಲಿ ಅವರು ರಾಷ್ಟ್ರಪತಿಗಳಾದರು. ಇಂದು ಪರಿಶಿಷ್ಟ ಪಂಗಡದವರಿಗೆ ಕೇಂದ್ರದ ಬುಡಕಟ್ಟು ಸಚಿವಾಲಯದ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇಡೀ ದೇಶಕ್ಕೆ ವರ್ಷಕ್ಕೆ 20 ಮಾತ್ರ. ಅದರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟು ಗುಂಪುಗಳಿಗೆ ಮೀಸಲು. ನಮ್ಮ ಕಾಟ್ಟುನಾಯ್ಕರು ಆ ಪಟ್ಟಿಯಲ್ಲಿದ್ದಾರೆ; ಗಡಿಯಾಚೆಯ ಜೇನುಕುರುಬರೂ ಇದ್ದಾರೆ. ಇವರ ಮನೆಮಾತಿನಲ್ಲಿ ನಮ್ಮ ಕನ್ನಡದ ನೆಂಟಸ್ತನ ಕೇಳಿಸುತ್ತದೆ. ಸ್ನಾತಕೋತ್ತರ ಓದಿಗೂ ಸಂಶೋಧನೆಗೂ ಇದು ಸಿಗುತ್ತದೆ. ಹಾಡಿಯಲ್ಲಿ ಪದವಿ ಮುಗಿಸಿದ ಹುಡುಗಿಯೋ ಹುಡುಗನೋ ಇದ್ದರೆ ಈ ಮಾತನ್ನು ಅವರ ಕಿವಿಗೆ ಹಾಕಿ. ಜಾತಿ ಪ್ರಮಾಣಪತ್ರದಲ್ಲೂ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲೂ ಹೆಸರಿನ ಕೊನೆಯ ಅಕ್ಷರ ಒಂದೇ ಇದೆಯೇ ಎಂದು ಜತೆಯಲ್ಲಿ ಕುಳಿತು ನೋಡಿ.