ಗೋಡೆ ಮ್ಯಾಲ ಯಾರ ಚಿತ್ರ ಬರೀಬೇಕು?

(ಮುಧೋಳದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮ ಅಜ್ಜ-ಅಜ್ಜಿಯರು ಹುಟ್ಟಿದಾಗ ಅವರನ್ನು ಮೊದಲು ಕೈಯಾಗ ಹಿಡಿದವರು ಯಾರು? ಡಾಕ್ಟರ್ ಅಲ್ಲ, ಸೂಲಗಿತ್ತಿ. ಎಷ್ಟೋ ಊರುಗಳಲ್ಲಿ ಈ ಕೆಲಸ ನಮ್ಮ ಕೇರಿಯ ಹೆಣ್ಣುಮಕ್ಕಳ ಪಾಲಿಗೇ ಬಂತು. ಯಾಕಂದ್ರ ಹೊಕ್ಕಳು ಬಳ್ಳಿ ಕೊಯ್ಯೋದು, ಮಾಸು ಹೂಳೋದು ಮೈಲಿಗೆ ಅಂದ್ರು. ನಡುರಾತ್ರಿ ಬ್ಯಾನಿ ಬಂದಾಗ ಅವಳು ಒಳಕೋಣೆಗೆ ಬರಬಹುದು. ಬೆಳಕು ಹರಿದ ಮ್ಯಾಲ ಅದೇ ಮನೆ ಪಡಸಾಲಿಗೆ ಕಾಲಿಡಂಗಿಲ್ಲ. ಕೂಸು ಮುಟ್ಟಿದ ಕೈ ನೀರಿನ ಕೊಡ ಮುಟ್ಟಂಗಿಲ್ಲ. ಇದು ಎಂಥಾ ಧರ್ಮ ಅಂತ ನಾವು ಕೇಳಬೇಕು.

ಆ ಕೈಯೊಳಗೆ ವಿದ್ಯೆ ಇತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆ ಕಂಡವರಲ್ಲ. ಅಜ್ಜಿಯಿಂದ ಕಲಿತು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಮುಟ್ಟಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ತೊಂಬತ್ತು ದಾಟಿದ ಮ್ಯಾಲ ದೇಶ ಆಕೆಯ ಕಡೆ ನೋಡಿತು. ಹೆಸರಿಲ್ಲದೆ ಹೋದ ಸೂಲಗಿತ್ತಿಯರನ್ನು ಲೆಕ್ಕ ಇಟ್ಟವರು ಯಾರು?

ನಮ್ಮ ಹಾಸ್ಟೆಲ್ ಗೋಡೆ ಮ್ಯಾಲ ಬಾಬಾಸಾಹೇಬರು ಇದ್ದಾರೆ, ಫುಲೆ ಇದ್ದಾರೆ, ಸಾವಿತ್ರಿಬಾಯಿ ಇದ್ದಾರೆ. ಇರಬೇಕು. ಆದರೆ ಸಾವಿತ್ರಿಬಾಯಿಯವರನ್ನು ನಾವು ಪುಸ್ತಕ ಹಿಡಿದ ಶಿಕ್ಷಕಿಯಾಗಿ ಮಾತ್ರ ಬರೀತೀವಿ. ಅವರ ಕಡೆಯ ಕೆಲಸ ಯಾವುದು? 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಿದ್ದಾಗ ರೋಗಿಗಳ ಸೇವೆಗೆ ನಿಂತರು, ಅದೇ ರೋಗ ತಗುಲಿ ಸತ್ತರು. ಆ ಚಿತ್ರ ನಮ್ಮ ಗೋಡೆಗಳಲ್ಲಿ ಯಾಕಿಲ್ಲ?

ದೂರದ ಒಂದು ನಾಡಿನ ಮಾತು ಹೇಳ್ತೀವಿ, ಕೇಳ್ರಿ. ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮ ನೆಲದಲ್ಲೇ ಪರದೇಶಿಗಳಾದವರು. 1971ರಲ್ಲಿ ಅವರು ಮೂರು ಕೆಲಸ ಮಾಡಿದರು. ಪಾಪುನ್ಯಾ ಅನ್ನೋ ವಸತಿಯಲ್ಲಿ ಶಾಲೆಯ ಗೋಡೆ ಮ್ಯಾಲ ತಮ್ಮ ಹಿರಿಯರ ಜೇನಿರುವೆಯ ಕಥೆಯನ್ನು ತಾವೇ ಬರೆದರು. ಹೆರಾಲ್ಡ್ ಥಾಮಸ್ ಎಂಬ ಅವರ ಕಲಾವಿದ ಒಂದು ಬಾವುಟ ಬರೆದ: ಕಪ್ಪು ಜನ, ಕೆಂಪು ನೆಲ, ನಡುವೆ ಹಳದಿ ಸೂರ್ಯ. ಸಿಡ್ನಿ ಶಹರದ ರೆಡ್‌ಫರ್ನ್ ಬಡಾವಣೆಯಲ್ಲಿ ಅವರೇ ಮುಂದೆ ನಿಂತು ತಮ್ಮ ದವಾಖಾನೆ ತೆಗೆದರು. ಬೇರೆ ಕಡೆ ಅವಮಾನ ಉಂಡವರು ಇಲ್ಲಿ ತಲೆ ಎತ್ತಿ ಒಳಗೆ ಬಂದರು. ಆ ಗೋಡೆ ಚಿತ್ರವನ್ನು ಮುಂದೆ ಬಣ್ಣ ಬಳಿದು ಅಳಿಸಿದರು. ಆದರೆ ಪಾಪುನ್ಯಾದ ಕಲಾವಿದರು 1972ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಇವತ್ತು ಅಲ್ಲಿನ ಮೂಲನಿವಾಸಿ ಕಲಾವಿದರು ತಮ್ಮ ನರ್ಸುಗಳನ್ನು, ಆರೋಗ್ಯ ಕಾರ್ಯಕರ್ತರನ್ನು ತಮ್ಮ ಚಿತ್ರಗಳಲ್ಲಿ ಗೌರವಿಸುತ್ತಾರೆ. ಬಾವುಟ, ಚಿತ್ರ, ದವಾಖಾನೆ: ಒಂದನ್ನು ಬಿಟ್ಟು ಇನ್ನೊಂದಿಲ್ಲ. ಈ ಪಾಠ ನಮಗೂ ಬೇಕು.

ನಮ್ಮಲ್ಲಿ ಕಲೆ ಇಲ್ಲವೇ? ಚಿಂಚೋಳಿಯ ತಾಂಡಾಗಳಿಗೆ ಹೋಗ್ರಿ. ಕನ್ನಡಿ, ಕವಡಿ ಕೂಡಿಸಿ ಹೊಲಿದ ಲಂಬಾಣಿ ಕಸೂತಿ ನೋಡ್ರಿ. ನಮ್ಮ ಹಲಗಿ ಕೇಳ್ರಿ. ಸಾವಿಗೆ ಬಡೀರಿ ಅಂತ ಕೈಗೆ ಕೊಟ್ಟ ಹಲಗಿಯನ್ನೇ ನಮ್ಮ ಚಳವಳಿ ಮೆರವಣಿಗೆಗೆ ತಂದಿತು. ಕಲೆ ಅದ. ಅದು ಯಾರಿಗಾಗಿ ದುಡೀಬೇಕು ಅನ್ನೋದೇ ಪ್ರಶ್ನೆ.

ಈಗ ಸೂಲಗಿತ್ತಿಯ ಜಾಗದಲ್ಲಿ ಆಶಾ ಅಕ್ಕ ಬಂದಿದ್ದಾಳೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದು ಸರಿ. ನಾವು ಹಿಂದಕ್ಕೆ ಹೋಗ್ರಿ ಅನ್ನೋದಿಲ್ಲ. ಆದರೆ ಬಸುರಿಯನ್ನು ಆಸ್ಪತ್ರೆಗೆ ಒಯ್ಯೋದು, ಕೂಸಿಗೆ ಲಸಿಕೆ ಹಾಕ್ಸೋದು ಆಕೆಯ ಕೆಲಸ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯದು. ಊರೆಲ್ಲ ಬಾಗಿಲು ಹಾಕಿಕೊಂಡಾಗ ಗುಲಾಬಿ ಸೀರೆಯುಟ್ಟ ಈ ಅಕ್ಕಂದಿರು ಮನೆಮನೆ ತಿರುಗಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಆದರೂ 2025ರ ಜನವರಿ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ-ಹಗಲು ಕೂತು, ತಿಂಗಳಿಗೆ ಇಂತಿಷ್ಟು ಅಂತ ಖಾತ್ರಿಯಾಗಿ ಕೊಡ್ರಿ ಎಂದು ಕೇಳಬೇಕಾಯಿತು. ಅವರ ದುಡಿಮೆಗೆ ಇಟ್ಟ ಹೆಸರು ಕೂಲಿಯಲ್ಲ, ಗೌರವಧನ. ಗೌರವ ಅಂದು ಹೊಟ್ಟೆ ಒಣಗಿಸೋದು ಹಳೇ ವಿದ್ಯೆ. ಸೂಲಗಿತ್ತಿಗೆ ‘ತಾಯಿ’ ಅಂದು ಮೊರದಾಗ ಜೋಳ ಕೊಟ್ಟು ಕಳಿಸಿದವರ ವಿದ್ಯೆಯೇ ಇದು.

ಅದಕ್ಕೆ ಗೆಳೆಯರೇ, ಮೂರು ಕೆಲಸ ಹೇಳ್ತೀವಿ.

ಒಂದು: ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ, ತಾಂಡಾದ ಸೂಲಗಿತ್ತಿ ಮುದುಕಿಯರ ಮುಂದೆ ಕೂಡ್ರಿ. ಅವರಿಗೆ ಗೊತ್ತಿದ್ದದ್ದನ್ನು, ಅವರು ಉಂಡ ಅವಮಾನವನ್ನು ಬರ್ಕೊಳ್ರಿ.

ಎರಡು: ಬರುವ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಪಕ್ಕದಲ್ಲಿ ಅವರನ್ನೂ, ಆಶಾ ಅಕ್ಕನನ್ನೂ ಬರೀರಿ. ಇದ್ದಲಿ, ಸುಣ್ಣ, ಕೆಮ್ಮಣ್ಣು ಸಾಕು. ಆದರೆ ಚಿತ್ರ ಬರೆದು ಕೈ ತೊಳ್ಕೋಬ್ಯಾಡ್ರಿ. ಆಶಾ ಅಕ್ಕ ಧರಣಿ ಕೂತ ದಿನ ನೀವೂ ಹಲಗಿ ಹಿಡಿದು ಹೋಗ್ರಿ.

ಮೂರು: ನೀವೇ ನರ್ಸ್ ಆಗ್ರಿ, ಡಾಕ್ಟರ್ ಆಗ್ರಿ. 371(ಜೆ) ಕಲಮಿನಿಂದ ನಮ್ಮ ಭಾಗಕ್ಕೆ ಸೀಟುಗಳು ಮೀಸಲಾಗಿವೆ. ಓದಿ ಅಲ್ಲೇ ಕಳೆದುಹೋಗಬ್ಯಾಡ್ರಿ, ಸೇಡಮಿಗೆ, ಮುಧೋಳಕ್ಕೆ ತಿರುಗಿ ಬರ್ರಿ. ಕೇರಿಯ ಮುದುಕಿ ನಿಮ್ಮ ಎದುರಿಗೆ ನಿಂತಾಗ ದೂರದಿಂದ ಗುಳಿಗೆ ಎಸೀಬ್ಯಾಡ್ರಿ. ಕೈ ಹಿಡಿದು ನಾಡಿ ನೋಡ್ರಿ.

ಜೈ ಭೀಮ್.