ಪದ್ಮಿನಿ ಟ್ಯಾಕ್ಸಿಯ ಪಿಕಪ್ ಮತ್ತು ಪ್ಲಗ್ಗಿನ ಕಿಡಿ

ಪ್ರೀಮಿಯರ್ ಪದ್ಮಿನಿಯ ಕಾಲಿ-ಪೀಲಿ ಟ್ಯಾಕ್ಸಿಯಲ್ಲಿ ಒಮ್ಮೆಯೂ ಕೂರದ ಹಳೆಯ ಮುಂಬಯಿ ಕನ್ನಡಿಗರು ಅಪರೂಪ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ನಮ್ಮ ಕುರ್ಲಾದಲ್ಲೇ ತಯಾರಿಸುತ್ತಿದ್ದ ಕಾರು ಅದು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು. ಇಪ್ಪತ್ತು ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾಯಿತು. ಆ ಟ್ಯಾಕ್ಸಿಗಳವರ ಬಾಯಲ್ಲಿ ಒಂದು ದೂರು ಸದಾ ಇರುತ್ತಿತ್ತು: "ಗ್ಯಾಸ್ ಹಾಕಿಸಿದ ಮೇಲೆ ಗಾಡಿಗೆ ಪಿಕಪ್ಪೇ ಇಲ್ಲ." ತಪ್ಪೆಲ್ಲ ಗ್ಯಾಸಿನದ್ದೇ ಆಗಿತ್ತೇ ಎಂಬುದನ್ನು ಇಂದು ನೋಡೋಣ.

ನೀವು ಸೈಕಲ್ ತುಳಿದಿದ್ದೀರಿ. ಪೆಡಲ್ ನೇರ ಮೇಲಿರುವಾಗ ಎಷ್ಟು ಒತ್ತಿದರೂ ಸೈಕಲ್ ಮುಂದೆ ಹೋಗದು. ತುದಿ ದಾಟಿ ಸ್ವಲ್ಪ ಮುಂದೆ ವಾಲಿದಾಗ ಒತ್ತಬೇಕು. ಪೂರ್ತಿ ಕೆಳಗಿಳಿದ ಮೇಲೆ ಒತ್ತಿದರೆ ಕಾಲು ನೋಯುವುದಷ್ಟೇ ಲಾಭ. ಎಂಜಿನ್ನಿನ ಪಿಸ್ಟನ್ ಕೂಡ ಹೀಗೆಯೇ. ಉರಿಯುವ ಅನಿಲದ ಒತ್ತಡ, ಪಿಸ್ಟನ್ ತುತ್ತತುದಿ ಮುಟ್ಟಿ ಕ್ರ್ಯಾಂಕು ಸುಮಾರು 15 ಡಿಗ್ರಿ ತಿರುಗಿದಾಗ ಗರಿಷ್ಠವಾಗಿದ್ದರೆ ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ.

ಆದರೆ ಇಂಧನ ಕಿಡಿ ತಾಗಿದ ಕ್ಷಣವೇ ಪೂರ್ತಿ ಉರಿಯುವುದಿಲ್ಲ. ಲೆಕ್ಕಕ್ಕೆ ಸೆಕೆಂಡಿನ ಸಾವಿರದ ಎರಡು ಪಾಲು ಬೇಕು ಎನ್ನೋಣ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಆ ಪುಟ್ಟ ಅವಧಿಯಲ್ಲೇ ಕ್ರ್ಯಾಂಕು 36 ಡಿಗ್ರಿ ಮುಂದೆ ಸರಿದಿರುತ್ತದೆ! ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ, ತುದಿಗೆ ಇಪ್ಪತ್ತೊಂದು ಡಿಗ್ರಿ ಬಾಕಿ ಇರುವಾಗಲೇ ಕಿಡಿ ಬರಬೇಕು. ವೇಗ ಹೆಚ್ಚಿದಂತೆ ಇನ್ನೂ ಬೇಗ. ಹಳೆಯ ಡಿಸ್ಟ್ರಿಬ್ಯೂಟರಿನೊಳಗೆ ಈ ಕೆಲಸಕ್ಕೆಂದೇ ಸ್ಪ್ರಿಂಗ್ ಕಟ್ಟಿದ ಎರಡು ತೂಕಗಳಿದ್ದವು. ತಿರುಗುವ ರಭಸಕ್ಕೆ ಅವು ಹೊರಚಾಚಿ ಕಿಡಿಯನ್ನು ಹಿಂದೂಡದೆ ಮುಂಚಿತಗೊಳಿಸುತ್ತಿದ್ದವು.

ಕಿಡಿ ಅತಿ ಬೇಗ ಬಂದರೆ ಮೇಲೇರುವ ಪಿಸ್ಟನ್ನಿಗೇ ಒತ್ತಡ ಎದುರಾಗುತ್ತದೆ. ಡಬ್ಬದಲ್ಲಿ ಬೆಣಚುಕಲ್ಲು ಅಲ್ಲಾಡಿಸಿದಂತೆ ಕಿಟಕಿಟ ಸದ್ದು ಕೇಳುತ್ತದೆ. ಗ್ಯಾರೇಜಿನಲ್ಲಿ 'ನಾಕಿಂಗ್' ಎನ್ನುವುದು ಇದಕ್ಕೇ. ಬಹುಕಾಲ ಬಿಟ್ಟರೆ ಪಿಸ್ಟನ್ನೇ ಹಾಳು. ಕಿಡಿ ತಡವಾದರೆ ಸದ್ದಿಲ್ಲ, ಆದರೆ ಎಳೆತವೂ ಇಲ್ಲ. ಉರಿ ಸೈಲೆನ್ಸರಿನ ಕಡೆಗೆ ಹೋಗುತ್ತದೆ, ಎಂಜಿನ್ ಕಾಯುತ್ತದೆ, ಮೈಲೇಜು ಇಳಿಯುತ್ತದೆ. ಸೀಮೆಎಣ್ಣೆ ಬೆರೆತ ಪೆಟ್ರೋಲಿನಿಂದ ಗಾಡಿ ನಾಕ್ ಮಾಡಿದಾಗ, ಟೈಮಿಂಗ್ ಹಿಂದಕ್ಕೆ ತಿರುಗಿಸಿ ಸದ್ದಡಗಿಸಿ ಕೊಡುವ ಮೇಸ್ತ್ರಿಗಳಿದ್ದರು. ರೋಗ ಹಾಗೇ ಇತ್ತು, ಕೂಗು ಮಾತ್ರ ನಿಂತಿತ್ತು.

ಯಾರೂ ಮುಟ್ಟದೆಯೂ ಟೈಮಿಂಗ್ ಕೆಡುತ್ತಿತ್ತು ಎಂಬುದು ಬಹಳ ಜನರಿಗೆ ಹೊಳೆಯುತ್ತಿರಲಿಲ್ಲ. ಡಿಸ್ಟ್ರಿಬ್ಯೂಟರಿನ 'ಪಾಯಿಂಟ್' ಎಂಬ ಬಿಡಿಭಾಗದ ಸಣ್ಣ ಹಿಮ್ಮಡಿ, ಕ್ಯಾಮಿನ ಮೇಲೆ ಉಜ್ಜಿ ಸವೆಯುತ್ತದೆ. ಸವೆದಷ್ಟೂ ಪಾಯಿಂಟಿನ ಸಂದು ಕಿರಿದಾಗಿ, ಅದು ತೆರೆಯುವುದು ತಡವಾಗುತ್ತದೆ, ಕಿಡಿಯೂ ತಡವಾಗುತ್ತದೆ. ದಿನವಿಡೀ ದುಡಿಯುವ ಟ್ಯಾಕ್ಸಿಯಲ್ಲಿ ಇದು ಸದ್ದಿಲ್ಲದೆ ನಡೆಯುತ್ತಿತ್ತು. ಪೆಡ್ಡರ್ ರೋಡಿನ ಏರಿನಲ್ಲಿ ಮೂರನೇ ಗೇರಿಗೆ ಏರುತ್ತಿದ್ದ ಗಾಡಿ ಎರಡನೆಯದಕ್ಕೆ ಇಳಿಯಬೇಕಾದಾಗ ಚಾಲಕನಿಗೆ ತಿಳಿಯುತ್ತಿತ್ತು.

ಈಗ ಗ್ಯಾಸಿಗೆ ಬರೋಣ. 2000ರ ದಶಕದ ಆರಂಭದಲ್ಲಿ ಬಾಂಬೆ ಹೈಕೋರ್ಟಿನ ಆದೇಶಗಳ ಬಳಿಕ ಮುಂಬಯಿಯ ಹಳೆಯ ಟ್ಯಾಕ್ಸಿಗಳು ದೊಡ್ಡ ಸಂಖ್ಯೆಯಲ್ಲಿ ಸಿಎನ್‌ಜಿಗೆ ಬದಲಾದವು. ಗಾಳಿಯೊಡನೆ ಬೆರೆತು ಒಳಬರುವ ಈ ಅನಿಲ ಸಿಲಿಂಡರಿನ ಸುಮಾರು ಹತ್ತರಲ್ಲೊಂದು ಪಾಲು ಜಾಗ ಹಿಡಿಯುತ್ತದೆ. ಅಷ್ಟು ಗಾಳಿ ಕಡಿಮೆ, ಅಷ್ಟು ಬಲವೂ ಕಡಿಮೆ. ಈ ನಷ್ಟ ನಿಜ, ಅದಕ್ಕೆ ಟೈಮಿಂಗಿನಲ್ಲಿ ಮದ್ದಿಲ್ಲ. ಆದರೆ ಸಿಎನ್‌ಜಿಯ ಮುಖ್ಯಾಂಶವಾದ ಮೀಥೇನ್ ಪೆಟ್ರೋಲಿಗಿಂತ ನಿಧಾನವಾಗಿಯೂ ಉರಿಯುತ್ತದೆ. ಅದಕ್ಕೆ ಕಿಡಿ ಕೆಲವು ಡಿಗ್ರಿ ಮೊದಲೇ ಬೇಕು. ಆಕ್ಟೇನ್ ಸುಮಾರು 120 ಇರುವುದರಿಂದ ನಾಕಿಂಗಿನ ಭಯವೂ ಕಡಿಮೆ. ಪೆಟ್ರೋಲಿನ ಟೈಮಿಂಗನ್ನೇ ಉಳಿಸಿಕೊಂಡ ಗಾಡಿಗೆ ಎರಡು ನಷ್ಟ: ಒಂದು ಗ್ಯಾಸಿನದ್ದು, ಇನ್ನೊಂದು ಡಿಸ್ಟ್ರಿಬ್ಯೂಟರ್ ತಿರುಗಿಸದೆ ಬಿಟ್ಟವರದ್ದು. ದೂರು ಮಾತ್ರ ಎಲ್ಲವೂ ಗ್ಯಾಸಿನ ತಲೆಗೆ! ಹಾಗೆಂದು ಗ್ಯಾಸಿಗೆ ಸರಿಹೊಂದಿಸಿದ ಗಾಡಿಯನ್ನು ಪೆಟ್ರೋಲಿನಲ್ಲಿ ಏರು ಹತ್ತಿಸಿದರೆ ಕಿಟಕಿಟ ಶುರು. ಎರಡು ಇಂಧನ, ಒಂದೇ ಡಿಸ್ಟ್ರಿಬ್ಯೂಟರ್. ರಾಜಿ ಮಾಡಿಕೊಳ್ಳದೆ ವಿಧಿಯಿರಲಿಲ್ಲ.

ಇಂದಿನ ಕಾರುಗಳಲ್ಲಿ ಪಾಯಿಂಟೂ ಇಲ್ಲ, ತಿರುಗಿಸಲು ಡಿಸ್ಟ್ರಿಬ್ಯೂಟರೂ ಇಲ್ಲ. ಕಿಡಿಯ ಕ್ಷಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಅನೇಕ ಕಾರುಗಳಲ್ಲಿ ನಾಕಿಂಗ್ ಆಲಿಸುವ ಸೆನ್ಸರೂ ಇರುತ್ತದೆ. ಕಂಪನಿಯೇ ಸಿಎನ್‌ಜಿ ಜೋಡಿಸಿದ ಕಾರಿನಲ್ಲಿ ಗ್ಯಾಸಿಗೂ ಪೆಟ್ರೋಲಿಗೂ ಹೊಂದುವ ಟೈಮಿಂಗ್ ಆ ಕಂಪ್ಯೂಟರಿನಲ್ಲೇ ಇರುತ್ತದೆ. ಹೊರಗೆ ಕಿಟ್ ಹಾಕಿಸುವವರು ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ಇದರೊಂದಿಗೆ ಟೈಮಿಂಗ್ ಅಡ್ವಾನ್ಸರ್ ಹಾಕುತ್ತೀರಾ?" ಗ್ಯಾಸಿನಲ್ಲಿ ಓಡುವಾಗ ಮಾತ್ರ ಕಿಡಿಯನ್ನು ಮುಂಚಿತಗೊಳಿಸುವ ಪುಟ್ಟ ಪೆಟ್ಟಿಗೆ ಅದು. ಹಾಕಿಸಿದ ಬಳಿಕ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ನೋಡಿ ತೃಪ್ತಿಪಡಬೇಡಿ. ನಾಲ್ವರನ್ನು ಕೂರಿಸಿಕೊಂಡು ಒಂದು ಫ್ಲೈಓವರ್ ಹತ್ತಿಸಿ, ಗ್ಯಾಸಿನಲ್ಲೊಮ್ಮೆ, ಪೆಟ್ರೋಲಿನಲ್ಲೊಮ್ಮೆ. ಆಗ ರೇಡಿಯೋ ಮಾತ್ರ ಆಫ್ ಮಾಡಿರಿ, ಎಂಜಿನ್ನಿನ ಸದ್ದು ಕೇಳಬೇಕಲ್ಲ!