ಬಳಸಿದ ಎಣ್ಣೆಯ ಸಾಕ್ಷ್ಯ

ಕನ್ನಡದ 'ಎಣ್ಣೆ' ಎಂಬ ಮಾತಿನೊಳಗೆ ಎಳ್ಳು ಅಡಗಿದೆ. 'ಎಳ್' ಮತ್ತು 'ನೆಯ್' ಎಂಬ ಎರಡು ಹಳೆಯ ಶಬ್ದಗಳು ಕೂಡಿ, ಎಳ್ಳಿನ ಜಿಡ್ಡು ಎಂಬ ಅರ್ಥದಲ್ಲಿ ಹುಟ್ಟಿದ ಪದ ಕಾಲಕ್ರಮದಲ್ಲಿ ಕೊಬ್ಬರಿಯದಕ್ಕೂ ಹರಳಿನದಕ್ಕೂ, ಕೊನೆಗೆ ನೆಲದಾಳದಿಂದ ಬಂದ ಖನಿಜದ್ರವಕ್ಕೂ ಹೆಸರಾಯಿತು. ಸಂಸ್ಕೃತವು ಇದೇ ವಸ್ತುವನ್ನು 'ಸ್ನೇಹ' ಎಂದು ಕರೆದು, ಮನುಷ್ಯರ ನಡುವಣ ಪ್ರೀತಿಗೂ ಅದೇ ಶಬ್ದವನ್ನು ಬಳಸಿತು. ತಿಕ್ಕಾಡುವ ಎರಡರ ನಡುವೆ ನಿಂತು, ತಾನು ಬಳಲಿ, ಅವೆರಡನ್ನೂ ಉಳಿಸುವುದು ಸ್ನೇಹದ ಲಕ್ಷಣವಷ್ಟೆ. ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಈ ಕೆಲಸವನ್ನೇ ಮಾಡುತ್ತಿತ್ತು. ಇಂದಿನ ಕಾರಿನ ಎಂಜಿನ್ನಿನೊಳಗೆ ಸುತ್ತುವ ಎಣ್ಣೆಯೂ ಅದನ್ನೇ ಮಾಡುತ್ತದೆ.

ಈ ಕೀಲೆಣ್ಣೆಗೆ ಇನ್ನೊಂದು ಗುಣವಿದೆ. ತಾನು ಹರಿದಾಡಿದ ಜಾಗದ ಗುರುತುಗಳನ್ನೆಲ್ಲ ಅದು ತನ್ನೊಳಗೆ ಹೊತ್ತು ತರುತ್ತದೆ. ಎಂಜಿನ್ನನ್ನು ಬಿಚ್ಚದೆಯೇ, ಅದರಿಂದ ಬಸಿದ ಎಣ್ಣೆಯ ಒಂದು ಸೀಸೆಯಿಂದ ಒಳಗಿನ ಸ್ಥಿತಿಯನ್ನು ಹೇಳಬಹುದು. ಪೆಟ್ರೋಲು ಮತ್ತು ವಿದ್ಯುತ್ತು ಎರಡರಿಂದಲೂ ನಡೆಯುವ ಹೈಬ್ರಿಡ್ ಕಾರುಗಳು ನಮ್ಮ ಬೀದಿಗಳಿಗೆ ಬಂದಿರುವ ಈ ಕಾಲದಲ್ಲಿ ಈ ವಿದ್ಯೆಯ ಬೆಲೆ ಹೆಚ್ಚಿದೆ. ಏಕೆಂದರೆ, ಹಳೆಯ ಕಾರುಗಳಿಂದ ನಮ್ಮ ಕಣ್ಣೂ ಕೈಯೂ ಕಲಿತ ಪಾಠಗಳು ಇಲ್ಲಿ ಸರಿಹೋಗುವುದಿಲ್ಲ.

ವಿದ್ಯೆಯ ಮೂಲ ದೂರದಲ್ಲಿದೆ. 1859ರ ಸುಮಾರಿಗೆ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ಎಂಬಿಬ್ಬರು ವಿಜ್ಞಾನಿಗಳು ಒಂದು ಸತ್ಯವನ್ನು ಸ್ಥಾಪಿಸಿದರು: ಪ್ರತಿಯೊಂದು ಮೂಲವಸ್ತುವೂ ಜ್ವಾಲೆಯಲ್ಲಿ ಕಾದಾಗ ತನಗೇ ವಿಶಿಷ್ಟವಾದ ಬಣ್ಣದ ಗೆರೆಗಳನ್ನು ಬೀರುತ್ತದೆ. ಗೆರೆಗಳನ್ನು ಓದಬಲ್ಲವನು ವಸ್ತುವನ್ನು ಮುಟ್ಟದೆಯೇ ಗುರುತಿಸಬಲ್ಲ. 1868ರ ಸೂರ್ಯಗ್ರಹಣವನ್ನು ನೋಡಲು ಗುಂಟೂರಿಗೆ ಬಂದಿದ್ದ ಫ್ರಾನ್ಸಿನ ಜಾನ್ಸೆನ್, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಈ ಬಗೆಯಲ್ಲಿಯೇ ಬಿಡಿಸಿ ನೋಡಿದರು. ಹೀಲಿಯಂ ಎಂಬ ಅನಿಲದ ಸುಳಿವು ಭೂಮಿಗಿಂತ ಮೊದಲು ಸೂರ್ಯನಲ್ಲಿ ದೊರೆತದ್ದು ಈ ವಿದ್ಯೆಯಿಂದಲೇ. ಅದನ್ನು ಯಂತ್ರಗಳ ಎಣ್ಣೆಗೆ ಹೊಂದಿಸಿದವರಲ್ಲಿ ಮೊದಲಿಗರು ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲು ಸಂಸ್ಥೆಯವರು. 1946ರಲ್ಲಿ ಅವರು ಡೀಸೆಲ್ ಎಂಜಿನ್ನುಗಳ ಬಳಸಿದ ಎಣ್ಣೆಯಲ್ಲಿ ಲೋಹದ ಅಂಶವನ್ನು ಅಳೆದು, ಆಗಲಿರುವ ಕೆಡುಕನ್ನು ಮುಂಚಿತವಾಗಿ ಕಂಡುಕೊಂಡರು. ಮುಂದಿನ ದಶಕದಲ್ಲಿ ಅಮೆರಿಕದ ನೌಕಾಪಡೆ ಇದನ್ನು ವಿಮಾನಗಳಿಗೆ ಬಳಸಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿಯೂ ಈ ಪರೀಕ್ಷೆ ರೂಢಿಗೆ ಬಂತು.

ಪ್ರಯೋಗಾಲಯದಲ್ಲಿ ನಡೆಯುವುದಿಷ್ಟು. ಎಣ್ಣೆಯ ತುಂತುರನ್ನು ಹಲವು ಸಾವಿರ ಡಿಗ್ರಿ ಕಾದ ಆರ್ಗಾನ್ ಜ್ವಾಲೆಗೆ ಹಾಯಿಸಿ, ಹೊಮ್ಮುವ ಬೆಳಕನ್ನು ಅಳೆಯುತ್ತಾರೆ. ಕಬ್ಬಿಣ ಹೆಚ್ಚಿದ್ದರೆ ಸಿಲಿಂಡರಿನ ಗೋಡೆಯೋ ಸರಪಳಿಯೋ ಸವೆಯುತ್ತಿದೆ. ಅಲ್ಯೂಮಿನಿಯಂ ಇದ್ದರೆ ಪಿಸ್ಟನ್. ಕ್ರೋಮಿಯಂ ಆದರೆ ಪಿಸ್ಟನ್ನಿನ ಉಂಗುರ. ತಾಮ್ರ, ಸೀಸ, ತವರಗಳಾದರೆ ಬೇರಿಂಗುಗಳು. ಸಿಲಿಕಾನ್ ಏರಿದರೆ ಗಾಳಿಯ ಶೋಧಕವನ್ನು ದಾಟಿ ಧೂಳು ಒಳಗೆ ಬರುತ್ತಿರಬಹುದು. ಸೋಡಿಯಂ, ಪೊಟ್ಯಾಸಿಯಂಗಳು ಒಟ್ಟಿಗೆ ಏರಿದರೆ ಎಂಜಿನ್ನನ್ನು ತಂಪುಮಾಡುವ ದ್ರವ ಎಣ್ಣೆಗೆ ಸೋರುತ್ತಿದೆಯೆಂಬ ಅನುಮಾನ. ಅಳತೆ ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ ಎಂಬ ಲೆಕ್ಕದಲ್ಲಿರುತ್ತದೆ. ನಾಲ್ಕು ಲೀಟರ್ ಎಣ್ಣೆ ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಹತ್ತು ಲಕ್ಷಕ್ಕೆ 20 ಭಾಗ ಕಬ್ಬಿಣವೆಂದರೆ ಸುಮಾರು 70 ಮಿಲಿಗ್ರಾಂ, ಅಂದರೆ ಮೂರು ನಾಲ್ಕು ಅಕ್ಕಿಕಾಳಿನ ತೂಕ! ಸಾವಿರಾರು ಕಿಲೋಮೀಟರ್ ಓಡಿದ ಯಂತ್ರ ತನ್ನ ಮೈಯಿಂದ ಕಳೆದುಕೊಂಡದ್ದು ಇಷ್ಟೇ ಎಂದು ತಿಳಿದಾಗ, ಆ ತೆಳುವಾದ ಎಣ್ಣೆಯ ಪದರಕ್ಕೆ ಕೈಮುಗಿಯಬೇಕೆನಿಸುತ್ತದೆ.

ಲೋಹಗಳಲ್ಲದೆ ಬೇರೆ ಅಳತೆಗಳೂ ಇವೆ. ಎಣ್ಣೆಯ ಸ್ನಿಗ್ಧತೆ, ಅದರಲ್ಲಿ ಬೆರೆತ ಪೆಟ್ರೋಲು, ನೀರು, ಆಮ್ಲವನ್ನು ತಡೆಯಲು ಉಳಿದಿರುವ ಕ್ಷಾರದ ಶಕ್ತಿ, ಇವೆಲ್ಲ ವರದಿಯಲ್ಲಿ ಸೇರುತ್ತವೆ. ಹೈಬ್ರಿಡ್ ಕಾರಿನ ಮಟ್ಟಿಗೆ ಲೋಹಕ್ಕಿಂತ ಮೊದಲು ನೋಡಬೇಕಾದವು ಇವೇ.

ಕಾರಣವನ್ನು ವಿವರಿಸುತ್ತೇನೆ. 1997ರ ಡಿಸೆಂಬರಿನಲ್ಲಿ ಟೊಯೋಟ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದಂದಿನಿಂದ ಈ ಬಗೆಯ ಕಾರುಗಳು ಜಗತ್ತಿಗೆ ಪರಿಚಿತವಾದವು. ನಮ್ಮ ಬಿಡದಿಯಲ್ಲಿಯೇ 2013ರಲ್ಲಿ ಹೈಬ್ರಿಡ್ ಕ್ಯಾಮ್ರಿಯ ಜೋಡಣೆ ಆರಂಭವಾಯಿತು. 2022ರಿಂದ ಅಲ್ಲಿಂದ ಹೈರೈಡರ್, ಗ್ರಾಂಡ್ ವಿಟಾರ, ಇನ್ನೋವಾ ಹೈಕ್ರಾಸ್ ಗಾಡಿಗಳು ಹೊರಬಂದಿವೆ. ಇವುಗಳಲ್ಲಿ ಎಂಜಿನ್ ಸದಾ ಓಡುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಅದು ಆರುತ್ತದೆ. ನಿಧಾನವಾಗಿ ಸಾಗುವಾಗ ವಿದ್ಯುತ್ ಮೋಟಾರು ಗಾಡಿಯನ್ನು ಎಳೆಯುತ್ತದೆ. ಬೇಕಾದಾಗ ಎಂಜಿನ್ ಮತ್ತೆ ಏಳುತ್ತದೆ. ಇಷ್ಟು ಸಲ ಹೊತ್ತಿ ಆರುವುದರಿಂದಲೇ ಎಂಜಿನ್ ಸವೆಯುತ್ತದೆಂಬ ಭಯ ಪೂರ್ತಿ ಸರಿಯಲ್ಲ. ಟೊಯೋಟದ ಏರ್ಪಾಟಿನಲ್ಲಿ ಮೋಟಾರು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1000 ಸುತ್ತಿನ ವೇಗಕ್ಕೆ ತಂದ ಮೇಲೆ ಪೆಟ್ರೋಲಿಗೆ ಕಿಡಿ ಹಾಯುತ್ತದೆ. ನಿಜವಾದ ತೊಡಕು ತಣ್ಪಿನದು.

ಒಂದು ಲೀಟರ್ ಪೆಟ್ರೋಲು ಉರಿದರೆ ಒಂದು ಲೀಟರಿಗೆ ತುಸು ಕಡಮೆ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಹೊಗೆನಳಿಗೆಯಿಂದ ಹೊರಹೋದರೂ ಸ್ವಲ್ಪ ಭಾಗ ಪಿಸ್ಟನ್ನಿನ ಉಂಗುರಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ತಣ್ಣಗಿನ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಪೆಟ್ರೋಲೂ ಹಾಗೆಯೇ ಇಳಿಯುತ್ತದೆ. ಎಂಜಿನ್ ದೀರ್ಘಕಾಲ ಬಿಸಿಯಾಗಿ ಓಡಿದರೆ ಇವೆರಡೂ ಆವಿಯಾಗಿ ತೊಲಗುತ್ತವೆ. ಆದರೆ ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ದೇವಸ್ಥಾನಕ್ಕೆ ಎಂದು ನಾಲ್ಕು ಮೈಲಿ ಓಡುವ ಹೈಬ್ರಿಡ್ ಕಾರಿನಲ್ಲಿ ಎಣ್ಣೆಗೆ ಆ ಬಿಸಿ ಏರುವುದೇ ಇಲ್ಲ. ಗೋಡೆಗೆ ತಂತಿ ಚುಚ್ಚಿ ವಿದ್ಯುತ್ ತುಂಬುವ ಹೈಬ್ರಿಡ್ಡುಗಳಲ್ಲಂತೂ ಎಂಜಿನ್ ದಿನಗಟ್ಟಲೆ ನಿದ್ರಿಸಿ, ಹೆದ್ದಾರಿಯಲ್ಲಿ ಒಮ್ಮೆಲೇ ಎದ್ದು ದುಡಿಯಬೇಕಾಗುತ್ತದೆ.

ಕಣ್ಣು ಮೋಸಹೋಗುವುದು ಇಲ್ಲಿಯೇ. ಎಣ್ಣೆ ಕಪ್ಪಾದರೆ ಕೆಟ್ಟಿತು, ಹೊಂಬಣ್ಣವಿದ್ದರೆ ಚೆನ್ನಾಗಿದೆ ಎಂಬುದು ನಮ್ಮ ರೂಢಿಯ ತೀರ್ಮಾನ. ಬಟ್ಟೆ ಒಗೆದ ನೀರು ಕಪ್ಪಾದರೆ ಸಾಬೂನು ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಅದು ತನ್ನ ಕೆಲಸ ಮಾಡಿದೆಯೆಂದೇ ಅರ್ಥ. ಕೊಳೆಯನ್ನು ಎತ್ತಿ ತೇಲಿಸುವ ದ್ರವ್ಯಗಳನ್ನು ಎಂಜಿನ್ ಎಣ್ಣೆಯಲ್ಲಿಯೂ ಬೆರೆಸಿರುತ್ತಾರೆ. ಕಪ್ಪಾದ ಎಣ್ಣೆ ಇನ್ನೂ ದುಡಿಯಬಲ್ಲದಾಗಿರಬಹುದು. ಇದಕ್ಕೆ ಪ್ರತಿಯಾಗಿ, ಹೈಬ್ರಿಡ್ ಕಾರಿನ ಎಣ್ಣೆ ನೋಟಕ್ಕೆ ತಿಳಿಯಾಗಿದ್ದೂ ಒಳಗೆ ಪೆಟ್ರೋಲು ಬೆರೆತು ನೀರಾಗಿರಬಹುದು. ಬೆರಕೆ ಶೇಕಡ 2ನ್ನು ದಾಟಿದರೆ ಪ್ರಯೋಗಾಲಯಗಳು ಎಚ್ಚರಿಕೆಯ ಗುರುತು ಹಾಕುವುದುಂಟು. ಯಾವ ಕಣ್ಣೂ ಅದನ್ನು ಕಾಣಲಾರದು. 'ಅರ್ಧ ದಾರಿ ಬ್ಯಾಟರಿಯಲ್ಲಿಯೇ ಓಡಿದೆ, ಎಣ್ಣೆಯನ್ನು ಎರಡರಷ್ಟು ಕಾಲ ಬಿಡಬಹುದು' ಎಂಬ ಲೆಕ್ಕ ಕೇಳಲು ಹಿತವಾಗಿದೆ. ಆದರೆ ಅದು ಹಾನಿಗೆ ದಾರಿ. ಇಂಥ ಗಾಡಿಗೆ ಕಿಲೋಮೀಟರಿಗಿಂತ ತಿಂಗಳ ಲೆಕ್ಕ ಮುಖ್ಯ. ಕೈಪಿಡಿ ಹೇಳುವ ದೂರ, ಅವಧಿ ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅದೇ ಗಡುವು.

ಇನ್ನು ಯಾವ ಎಣ್ಣೆ? ನಮ್ಮ ಮನೆಯ ಹೈಬ್ರಿಡ್ ಕಾರಿಗೆ ಕೈಪಿಡಿ ಹೇಳಿದ ಎಣ್ಣೆಯ ಡಬ್ಬಿಯನ್ನು ಕಂಡು ಪರಿಚಯದ ಮೆಕ್ಯಾನಿಕ್ ಹುಬ್ಬೇರಿಸಿದ್ದ. "ಮೇಷ್ಟ್ರೇ, ಇದು ನೀರಿದ್ದ ಹಾಗಿದೆಯಲ್ಲ! ನಮ್ಮ ಬಿಸಿಲಿಗೆ ತಡೀತದೆಯೆ? ಗಟ್ಟಿ ಎಣ್ಣೆ ಹಾಕಿಸಿ" ಎಂದ. ಆತನ ಮಾತಿನ ಹಿಂದೆ ಮೂವತ್ತು ವರ್ಷದ ಅನುಭವವಿತ್ತು, ನನ್ನ ಮೇಲಿನ ಅಭಿಮಾನವಿತ್ತು. ಆದರೂ ಅದನ್ನು ಒಪ್ಪುವಂತಿರಲಿಲ್ಲ.

ಡಬ್ಬಿಯ ಮೇಲೆ 0ಡಬ್ಲ್ಯು-20 ಎಂದಿದ್ದರೆ, ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿನ ಹರಿವನ್ನೂ ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿನ ಸ್ನಿಗ್ಧತೆಯನ್ನೂ ಸೂಚಿಸುತ್ತವೆ. 20 ಎಂದರೆ ಆ ಬಿಸಿಯಲ್ಲಿ 6.9ರಿಂದ 9.3 ಸೆಂಟಿಸ್ಟೋಕ್, 50 ಎಂದರೆ 16.3ರಿಂದ 21.9, ಹೆಚ್ಚುಕಡಮೆ ಎರಡರಷ್ಟು ಮಂದ. 2013ರಲ್ಲಿ 16 ಎಂಬ ಇನ್ನೂ ತೆಳುವಾದ ದರ್ಜೆಯನ್ನು ಸೇರಿಸಿದರು. ಅದರ ಮಿತಿ 6.1ರಿಂದ 8.2. ಹೊರಗಿನ ಬಿಸಿಲು 30 ಇರಲಿ, 40 ಇರಲಿ, ಓಡುತ್ತಿರುವ ಎಂಜಿನ್ನಿನ ಒಳಬಿಸಿಯನ್ನು ಮುಖ್ಯವಾಗಿ ಎಂಜಿನ್ನೇ ನಿಶ್ಚಯಿಸುತ್ತದೆ. ಬೇರಿಂಗುಗಳ ನಡುವಣ ಸಂದು, ಎಣ್ಣೆಯ ಪಂಪು, ಎಣ್ಣೆಯ ಒತ್ತಡದಿಂದಲೇ ಕವಾಟಗಳ ವೇಳೆಯನ್ನು ಬದಲಿಸುವ ಏರ್ಪಾಟು, ಇವೆಲ್ಲವನ್ನೂ ತೆಳು ಎಣ್ಣೆಗೆಂದೇ ರಚಿಸಿರುತ್ತಾರೆ. ಮೇಲಾಗಿ ಹೈಬ್ರಿಡ್ ಎಂಜಿನ್ ಹೆಚ್ಚು ಕಾಲ ಅರೆಬಿಸಿಯಲ್ಲಿರುವುದರಿಂದ, ಅರೆಬಿಸಿಯಲ್ಲಿ ಬೇಗ ಹರಿಯುವ ಎಣ್ಣೆಯೇ ಅದಕ್ಕೆ ಹಿತ. ಗಟ್ಟಿ ಎಣ್ಣೆ ಪೆಟ್ರೋಲನ್ನು ಹೆಚ್ಚು ಕುಡಿಸುತ್ತದೆ. ಆ ಉಳಿತಾಯಕ್ಕಾಗಿ ತಾನೆ ನಾವು ಹೆಚ್ಚು ಹಣ ತೆತ್ತು ಹೈಬ್ರಿಡ್ ಕೊಂಡದ್ದು!

ಹಾಗೆಂದ ಮಾತ್ರಕ್ಕೆ ಮೆಕ್ಯಾನಿಕ್ಕಿನ ಅಂಜಿಕೆ ಬರಿದಲ್ಲ. ತೆಳು ಎಣ್ಣೆಗೆ ಪೆಟ್ರೋಲು ಬೆರೆತರೆ ಅದು ತನ್ನ ದರ್ಜೆಯ ಕೆಳಗಂಚನ್ನು ದಾಟಿ ಇಳಿದೀತು. ಇಳಿದಿದೆಯೆ ಎಂಬುದನ್ನು ಪರೀಕ್ಷೆ ಹೇಳುತ್ತದೆ. ಇಳಿದಿದ್ದರೆ ಮೊದಲ ಚಿಕಿತ್ಸೆ ಎಣ್ಣೆಯನ್ನು ಬೇಗ ಬದಲಿಸುವುದು, ವಾರಕ್ಕೊಮ್ಮೆಯಾದರೂ ಗಾಡಿಯನ್ನು ದೂರದ ದಾರಿಗೆ ಒಯ್ದು ಎಂಜಿನ್ನನ್ನು ಚೆನ್ನಾಗಿ ಬಿಸಿಮಾಡುವುದು. ಸತತ ಅತಿವೇಗಕ್ಕೋ ಭಾರಿ ಹೊರೆಗೋ ತುಸು ಮಂದವಾದ ದರ್ಜೆ ಮೇಲೆಂದು ಕೆಲವು ಕೈಪಿಡಿಗಳು ಹೇಳುತ್ತವೆ. ಆ ಮೇರೆಯೊಳಗೆ ಒಂದು ಮೆಟ್ಟಿಲು ಏರಬಹುದು. ಗುಣಮಟ್ಟದ ಗುರುತನ್ನೂ ನೋಡಬೇಕು: ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಸ್‌ಪಿ ದರ್ಜೆ 2020ರ ಮೇ ತಿಂಗಳಲ್ಲಿ, ಎಸ್‌ಕ್ಯೂ ದರ್ಜೆ 2025ರ ಮಾರ್ಚಿಯಲ್ಲಿ ಜಾರಿಗೆ ಬಂದವು.

ಪರೀಕ್ಷೆಗೂ ಕ್ರಮವಿದೆ. ಎಂಜಿನ್ ಬಿಸಿಯಾಗಿ ಓಡಿದ ಮೇಲೆ ಎಣ್ಣೆಯನ್ನು ಬಿಟ್ಟು, ಮೊದಲ ಧಾರೆಯನ್ನು ಹರಿಯಗೊಟ್ಟು, ನಡುವಿನದನ್ನು ಶುಚಿಯಾದ ಸೀಸೆಯಲ್ಲಿ ಹಿಡಿಯಬೇಕು. ಓಡಿದ ದೂರ, ಕಳೆದ ತಿಂಗಳು, ನಡುವೆ ಸೇರಿಸಿದ ಎಣ್ಣೆಯ ಪ್ರಮಾಣ ಬರೆದಿಡಬೇಕು. ಒಂದೇ ವರದಿಯಿಂದ ತೀರ್ಪು ಕೊಡಲಾಗದು. ಹೊಸ ಎಂಜಿನ್ನಿನ ಮೊದಲ ಎಣ್ಣೆಯಲ್ಲಿ ಲೋಹವೂ ಸಿಲಿಕಾನೂ ಸಹಜವಾಗಿಯೇ ಹೆಚ್ಚು; ಅದನ್ನು ಕಂಡು ಬೆಚ್ಚಬೇಕಾಗಿಲ್ಲ. ಒಂದೇ ಓಲೆಪ್ರತಿಯನ್ನು ನೆಚ್ಚಿ ಕಾವ್ಯವನ್ನು ಸಂಪಾದಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆವು; ಪಾಠಗಳನ್ನು ಹೋಲಿಸಿದಾಗಲೇ ನಿಜ ತಿಳಿಯುವುದು. ಇಲ್ಲಿಯೂ ಮೂರು ನಾಲ್ಕು ವರದಿಗಳನ್ನು ಪಕ್ಕಪಕ್ಕ ಇಟ್ಟಾಗ ಅಂಕಿ ಏರುತ್ತಿದೆಯೆ ನಿಂತಿದೆಯೆ ಎಂಬುದು ಕಾಣುತ್ತದೆ. ಈ ಸಾಕ್ಷಿಗೂ ಮಿತಿಯಿದೆ: ಕೂದಲೆಳೆಯ ಹತ್ತರಲ್ಲೊಂದು ಭಾಗಕ್ಕಿಂತ ದಪ್ಪನಾದ ಲೋಹದ ಚೂರುಗಳು ಆ ಜ್ವಾಲೆಯಲ್ಲಿ ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ, ಹಠಾತ್ತಾಗಿ ಮುರಿಯುವುದನ್ನು ಅದು ಮುನ್ಸೂಚಿಸಲಾರದು. ಕೈಪಿಡಿಯ ಗಡುವನ್ನು ಪಾಲಿಸುವ ಗೃಹಸ್ಥನಿಗೆ ಪ್ರತಿಸಲವೂ ಪರೀಕ್ಷೆ ಅನಗತ್ಯ. ಹತ್ತಾರು ಗಾಡಿಗಳನ್ನು ಓಡಿಸುವವನಿಗೆ, ಗಡುವನ್ನು ಬದಲಿಸಬೇಕೆಂದಿರುವವನಿಗೆ, ಏನೋ ಕೆಟ್ಟಿದೆಯೆಂಬ ಶಂಕೆಯುಳ್ಳವನಿಗೆ ಅದು ತೆತ್ತ ಹಣಕ್ಕೆ ತಕ್ಕ ಬೆಳಕು.

ಸಾಕ್ಷ್ಯ ಹೇಳಿ ಮುಗಿಸಿದ ಎಣ್ಣೆಯ ಅಂತ್ಯಸಂಸ್ಕಾರದ ಮಾತೊಂದು ಉಳಿಯಿತು. ಗೆದ್ದಲು ಹಿಡಿಯದಿರಲೆಂದು ಅದನ್ನು ಬೇಲಿಯ ಗೂಟಗಳಿಗೆ ಬಳಿಯುವುದೂ ಉಳಿದದ್ದನ್ನು ಚರಂಡಿಗೆ ಸುರಿಯುವುದೂ ನಮ್ಮಲ್ಲಿ ಕಂಡದ್ದೇ. ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂದು ನಾವು ಅಳೆದ ಲೋಹಗಳೆಲ್ಲ ಆಗ ಮಣ್ಣಿಗೆ, ಮಣ್ಣಿನಿಂದ ಬಾವಿಗೆ ಇಳಿಯುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಸೇರಿದೆ. ಅದನ್ನು ಮತ್ತೆ ಶುದ್ಧಿಮಾಡಿ ಬಳಸಬಹುದು. ಆದುದರಿಂದ ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವುದೇ ಸರಿ.

ಹೊಸ ಯಂತ್ರ ಮನೆಗೆ ಬಂದಾಗ ಹಳೆಯ ತಿಳಿವಳಿಕೆಯೂ ಅದರೊಡನೆ ಒಳಗೆ ಬರುತ್ತದೆ, ಅದು ಸಹಜ. ಗೌರವದಿಂದ ಬರಮಾಡಿಕೊಳ್ಳೋಣ, ಕುಳ್ಳಿರಿಸೋಣ. ಆದರೆ ತೀರ್ಪು ಹೇಳುವ ಮುನ್ನ ಅಳತೆಯ ಮಾತನ್ನೂ ಒಮ್ಮೆ ಕೇಳೋಣ.